ಮನೋರಿಯ ಚಿಪ್ಪುಗಲ್ಲು: ಆಗ ಕಡಲು ಮೇಲಿತ್ತೇ?

ಡೊಂಬಿವಲಿ ಕನ್ನಡಿಗ:
ಮುಂಬೈ ಕರಾವಳಿಯ ಮನೋರಿ ಕಡೆ ಹಳೇ ಬಾವಿಯೊಂದರ ಕಟ್ಟೆಯಲ್ಲಿ ಚಿಪ್ಪು ತುಂಬಿದ ಕಂದು ಮರಳುಗಲ್ಲು ನೋಡಿದೆ. ಕರಳ್ ಅಂತಾರೆ. ಉಬ್ಬರದ ಗೆರೆಗಿಂತ ಎಷ್ಟೋ ಎತ್ತರದಲ್ಲಿದೆ. ಕಡಲು ಒಮ್ಮೆ ಅಲ್ಲಿವರೆಗೂ ಬಂದಿತ್ತೇ? ದಂಡೆಯ ಮರಳುಗಲ್ಲು ಆಗೋದು ಕಡಲು ಏರುವಾಗಲೋ, ಇಳಿಯುವಾಗಲೋ?

ಮಡಗಾಂವ್ ವಾಸಿ:
ಏರಿದರೆ ದಂಡೆ ಒಳನಾಡಿಗೆ ಸರಿಯುತ್ತೆ, ಇಳಿದರೆ ಕಡಲ ಕಡೆಗೆ. ಮರಳೂ ಹಿಂದೆಯೇ ಹೋಗುತ್ತೆ. ಇಷ್ಟೇ ಅಲ್ವಾ?

ಕೋಥ್ರೂಡ್ ಅಜ್ಜ:
ಅಷ್ಟೇ ಅಲ್ಲ ಮಾರಾಯ್ರೆ, ನದಿ ತರುವ ಮರಳನ್ನು ಬಿಟ್ಟಿರಿ. ನೌಕರಿಯುದ್ದಕ್ಕೂ ಕೊರೆದು ತೆಗೆದ ಕಲ್ಲಿನ ಕೋರ್‌ಗಳನ್ನು ಓದಿದವನು ನಾನು, ಈ ಮಾತು ಬಂದರೆ ಸುಮ್ಮನಿರಲಾರೆ.

ಮೊದಲು ಬಾವಿ. ಆ ಕಲ್ಲನ್ನು ಯಾರೋ ಕಡಿದು ಹೊತ್ತು ತಂದದ್ದು, ಅದರ ಎತ್ತರ ಸಾಕ್ಷಿಯಾಗದು. ಕರಳ್ ಗಟ್ಟಿಯಾಗುವುದು ಹೆಚ್ಚಾಗಿ ಉಬ್ಬರ ಇಳಿತಗಳ ನಡುವಿನ ಪಟ್ಟಿಯಲ್ಲಿ, ಸುಣ್ಣದಂಶ ಮರಳನ್ನೂ ಚಿಪ್ಪನ್ನೂ ಬೆಸೆದಾಗ. ಹುಟ್ಟಿದ ಜಾಗದಲ್ಲೇ ಉಳಿದ ಪದರ ಇಂದಿನ ಉಬ್ಬರಕ್ಕಿಂತ ಮೇಲೆ ಸಿಕ್ಕರೆ ಆಗ ಕೇಳಿ: ಕಡಲು ಇಳಿಯಿತೋ, ನೆಲ ಎದ್ದಿತೋ?

ಏರುವಾಗಲೋ ಇಳಿಯುವಾಗಲೋ ಎಂಬುದಕ್ಕೆ ಅಮೆರಿಕದ ಯೂಟಾದಲ್ಲಿರುವ ಬುಕ್ ಕ್ಲಿಫ್ಸ್ ಎಂಬ ಕಡಿದಾದ ಬಂಡೆಸಾಲಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಸುಮಾರು 8 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕವನ್ನು ಸೀಳಿಕೊಂಡು ಒಂದು ಒಳಗಡಲಿತ್ತು. ಪಶ್ಚಿಮದ ಬೆಟ್ಟಗಳಿಂದ ನದಿಗಳು ಅದಕ್ಕೆ ಮರಳು ಸುರಿಯುತ್ತಿದ್ದವು. ಅಲ್ಲಿನ ಬ್ಲ್ಯಾಕ್‌ಹಾಕ್ ಶಿಲಾಸ್ತರಗಳನ್ನು ಕೆಳಗಿನಿಂದ ಓದಿ: ಆಳದ ಕೆಸರು, ಬಿರುಗಾಳಿ ತಂದ ತೆಳು ಮರಳು, ಆಮೇಲೆ ಅಲೆಯಲ್ಲಿ ತೊಳೆದ ಶುದ್ಧ ದಪ್ಪ ಮರಳುಗಲ್ಲು, ಎಷ್ಟೋ ಕಡೆ ಅದರ ಮೇಲೆ ಜೌಗಿನ ಕಲ್ಲಿದ್ದಲು. ತಟ್ಟನೆ ಮತ್ತೆ ಕೆಸರು. ಹೀಗೆ ಮತ್ತೆ ಮತ್ತೆ.

ನೀರು ಆಳ ಕಳೆದುಕೊಳ್ಳುತ್ತ ಬಂದದ್ದು ಕಾಣುತ್ತದೆ, ಆದರೆ ಅದಕ್ಕೆ ಕಡಲು ಇಳಿಯಲೇಬೇಕಿಲ್ಲ! ತಳ ಕುಸಿಯುತ್ತ ಜಾಗ ಮಾಡಿಕೊಡುತ್ತಿತ್ತು, ನದಿಯ ಮರಳು ಆ ಜಾಗ ತುಂಬಿ ದಂಡೆಯನ್ನು ಮುಂದೆ ತಳ್ಳಿತು. ಕಡಲಿನ ಏರಿಕೆ ನದಿ ತರುವ ಮರಳನ್ನು ಮೀರಿದಾಗ ದಂಡೆ ಮುಳುಗಿತು. ಮುಳುಗುವಾಗ ಅಲೆಗಳು ಹಳೆ ದಂಡೆಯ ತಲೆಯನ್ನೇ ಕೆರೆದುಹಾಕುತ್ತವೆ, ಎಷ್ಟೋ ಕಡೆ ಚಿಪ್ಪು, ಹರಳುಗಳ ತೆಳುಪದರವೊಂದೇ ಉಳಿಯುತ್ತದೆ.

ಮಡಗಾಂವ್ ವಾಸಿ:
ಹಾಗಾದರೆ ಕಡಲು ನಿಜವಾಗಿ ಇಳಿದದ್ದು ಹೇಗೆ ತಿಳಿಯುತ್ತೆ ಅಜ್ಜಾ?

ಕೋಥ್ರೂಡ್ ಅಜ್ಜ:
ಒಳ್ಳೆ ಪ್ರಶ್ನೆ. ಕೆಸರಿನಿಂದ ಮರಳಿಗೆ ಮೆಲ್ಲನೆ ಏರುವ ಹಂತಗಳಿರೋದಿಲ್ಲ, ದಂಡೆಯ ಮರಳು ಕೆಸರಿನ ಮೇಲೆ ಚೂಪಾದ ಗೆರೆ ಹಾಕಿ ಕೂತಿರುತ್ತದೆ. ನದಿಗಳು ಹಳೆಯ ದಂಡೆಯನ್ನು ಕೊರೆದು ಕಣಿವೆ ಮಾಡಿರುತ್ತವೆ. ನಮ್ಮ ಕರಾವಳಿಯಲ್ಲೂ ಕಡಲು ಇಳಿದದ್ದು ಬಹಳವೇ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗದಲ್ಲಿ ಕಡಲು ಇಂದಿಗಿಂತ 120 ಮೀಟರ್‌ನಷ್ಟು ಕೆಳಗಿತ್ತು, ಮುಂಬೈಯಿಂದ ದಂಡೆಗೆ ನಡೆಯಬೇಕಾದರೆ ನೂರಾರು ಕಿಲೋಮೀಟರ್.

ಡೊಂಬಿವಲಿ ಕನ್ನಡಿಗ:
1870ರ ದಶಕದಲ್ಲಿ ಮುಂಬೈ ಬಂದರಿನ ಪ್ರಿನ್ಸೆಸ್ ಡಾಕ್ ಅಗೆಯುವಾಗ ಕೆಸರಿನಡಿ ಖೈರ್ ಮರದ ಬೊಡ್ಡೆಗಳು ಸಿಕ್ಕಿದ್ದವು, ನಮ್ಮ ಕಗ್ಗಲಿ. ಅದೂ ಕಡಲು ಏರಿದ್ದಕ್ಕೇ?

ಕೋಥ್ರೂಡ್ ಅಜ್ಜ:
ನೆಲ ಕುಸಿದರೂ ಮರ ಮುಳುಗುತ್ತದೆ. ಆ ಬೊಡ್ಡೆಗಳಷ್ಟರಿಂದಲೇ ತೀರ್ಪು ಕೊಡಬೇಡಿ. ಮನೋರಿಗೆ ಮತ್ತೆ ಹೋದರೆ ಪೂರ್ತಿ ಇಳಿತದ ಹೊತ್ತಿಗೆ ಹೋಗಿ, ಬಾವಿ ಬಿಟ್ಟು ದಂಡೆಯಲ್ಲಿ ಹುಡುಕಿ. ಕಡಲ ಕಡೆಗೆ ಸ್ವಲ್ಪ ಓರೆಯಾಗಿ ಇಳಿಯುವ ಪದರ ಕಂಡರೆ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಇಲ್ಲಿ ಹಾಕಿ.