ಸಹಾಯ ಬೇಕು: ಇಳಿಸಿದ ಪೋಲೊಗೆ ಯಾವ ಶಾಕ್?

ತುಮಕೂರಿನ ಗೆಳೆಯರೇ, ಪೋಲೊ ಜಿಟಿ ಟಿಎಸ್‌ಐ ಕಾರನ್ನು 30 ಮಿ.ಮೀ. ಇಳಿಸಬೇಕಿದೆ, ಅಂದರೆ ನೆಲಕ್ಕೆ ಅಷ್ಟು ಹತ್ತಿರ ತರಬೇಕಿದೆ. ಬರೀ ಸ್ಪ್ರಿಂಗ್ ಬದಲಿಸಿದರೆ ಸಾಲದು. ಕಂಪನಿ ಶಾಕ್‌ನ (ಶಾಕ್ ಅಬ್ಸಾರ್ಬರ್) ರಾಡ್ ನಿಂತಲ್ಲೇ ಅಷ್ಟು ಒಳಗೆ ಕೂತಿರುತ್ತದೆ, ಹಂಪ್ ಬಂದರೆ ಬಂಪ್ ಸ್ಟಾಪ್‌ಗೆ (ಕೊನೆಯಲ್ಲಿ ತಡೆಯುವ ಮೆತ್ತನೆ ತುಂಡು) ಬಡಿಯುತ್ತದೆ. ಗಟ್ಟಿ ಸ್ಪ್ರಿಂಗ್ ಪುಟಿಯುವುದನ್ನೂ ಆ ಶಾಕ್ ತಡೆಯಲಾರದು. ಬಿಲ್‌ಸ್ಟೈನ್ ಕಂಪನಿಯ ಶಾಕ್‌ಗಳಲ್ಲಿ ಬಿ6 ಮಾಮೂಲಿ ಉದ್ದದ್ದು, ಬಿ8 ಇಳಿಸಿದ ಕಾರಿಗೆಂದೇ ಗಿಡ್ಡ ಮಾಡಿದ್ದು. ಹಾಗಾಗಿ ಮನಸ್ಸು ಬಿ8 ಕಡೆಗೇ. ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಬೇಡ, ನಮ್ಮೂರ ಹಂಪ್‌ಗಳಿಗೆ ಅದು ದಂಡ.

ಸ್ಟ್ರಟ್ (ಮುಂದಿನ ಸ್ಪ್ರಿಂಗ್-ಶಾಕ್ ಜೋಡಣೆ) ಬಿಚ್ಚಿದಾಗಲೇ ಟಾಪ್ ಮೌಂಟ್, ಬೇರಿಂಗ್, ಡಸ್ಟ್ ಬೂಟ್ ಹೊಸದು. ಸ್ಪ್ರಿಂಗ್ ಕೂತ ಮೇಲೆ ಅಲೈನ್‌ಮೆಂಟ್.

ಕೇಳುವುದಿಷ್ಟು: ಬಿ.ಎಚ್. ರಸ್ತೆ ಆಸುಪಾಸು ಸ್ಪ್ರಿಂಗ್ ಕಂಪ್ರೆಸರ್ ಸರಿಯಾಗಿ ಬಳಸುವ, ಶಾಕ್ ರಾಡ್ ನಟ್‌ಗೆ ಇಂಪ್ಯಾಕ್ಟ್ ಗನ್ ಹಿಡಿಯದ ಗ್ಯಾರೇಜ್ ಯಾವುದು? ಬಿ8 ಜೊತೆ ಹಿಂದಿನ ಬಂಪ್ ಸ್ಟಾಪ್ ಎಷ್ಟು ಕತ್ತರಿಸಿದಿರಿ, ಅಥವಾ ಹಾಗೇ ಬಿಟ್ಟಿರಾ?