ಸಹಾಯ ಬೇಕು: ಡ್ರೋನ್ ನಕ್ಷೆಯಲ್ಲಿ ಕೆರೆಯಂಗಳ ಉಬ್ಬಿ ಕಾಣುತ್ತಿದೆ

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ನಮ್ಮೂರಿನ ಕೆರೆ ಈಗ ಪೂರ್ತಿ ಒಣಗಿದೆ. ಹೂಳೆತ್ತುವ ಮೊದಲು ಅಂಗಳದ ಏರಿಳಿತ ಅಳೆಯಬೇಕೆಂದು, ವಿಮಾನದಂತೆ ರೆಕ್ಕೆ ಚಾಚಿ ಹಾರುವ ಡ್ರೋನ್ ಬಳಸಿ 110 ಮೀಟರ್ ಎತ್ತರದಿಂದ ಚಿತ್ರ ತೆಗೆದೆವು.

ತೊಂದರೆ ಕೊಟ್ಟದ್ದು ನಮ್ಮ ಕಡೆಯ ಗಾಳಿ. ಕ್ಯಾಮೆರಾ 2 ಸೆಕೆಂಡಿಗೊಮ್ಮೆ ಕ್ಲಿಕ್ಕಿಸುತ್ತದೆ. ಗಾಳಿಗೆದುರಾಗಿ ಹೋಗುವಾಗ ಡ್ರೋನ್ ಸೆಕೆಂಡಿಗೆ 10 ಮೀಟರ್ ಸಾಗಿದರೆ, ಗಾಳಿಯ ಜೊತೆ ಮರಳುವಾಗ 22 ಮೀಟರ್! ಹಾಗೆ ಮರಳಿದ ಹಾರಾಟದ ಸಾಲುಗಳಲ್ಲಿ ಚಿತ್ರಗಳ ಅತಿವ್ಯಾಪ್ತಿ (ಒಂದರ ಮೇಲೊಂದು ಬರುವ ಭಾಗ) ಶೇ. 60ಕ್ಕೂ ಕೆಳಗಿಳಿದಿದೆ. ನೆಲದ ನಿಯಂತ್ರಣ ಬಿಂದುಗಳು (ಸ್ಥಾನ, ಎತ್ತರ ನಿಖರವಾಗಿ ಅಳೆದಿಟ್ಟ ಗುರುತುಗಳು) ಐದೇ ಐದು, ಎಲ್ಲವೂ ಏರಿಯ ಮೇಲೆ ಮತ್ತು ದಂಡೆಯಲ್ಲಿ. ಈಗ ಚಿತ್ರಗಳಿಂದ ತಯಾರಾದ ಎತ್ತರದ ಮಾದರಿಯಲ್ಲಿ ಅಂಗಳದ ನಡುಭಾಗ ಸುಮಾರು 60 ಸೆಂಟಿಮೀಟರ್ ಉಬ್ಬಿದೆ. ಅಲ್ಲಿ ದಿಬ್ಬವಿಲ್ಲ, ನಾನೇ ನಡೆದು ನೋಡಿದ್ದೇನೆ.

ಸಮಯದ ಬದಲು ದೂರ ನೋಡಿ ಕ್ಲಿಕ್ಕಿಸುವಂತೆ ಮಾಡಿ, ಗಾಳಿಗೆ ಅಡ್ಡವಾಗಿ ಸಾಲು ಹಾಕಿದರೆ ಸಾಕೇ? ಅಥವಾ ನಡುವೆಯೂ ಬಿಂದುಗಳನ್ನಿಟ್ಟು, ಮೊದಲ ಸಾಲುಗಳನ್ನು ಕತ್ತರಿಸುವಂತೆ ಇನ್ನೊಂದು ಸುತ್ತು ಹಾರಿಸಲೇಬೇಕೇ? ಲೆನ್ಸಿನಿಂದ ಚಿತ್ರ ಬಾಗುವುದನ್ನು ಸರಿಪಡಿಸುವ ಲೆಕ್ಕ ತಪ್ಪಿರಬಹುದೆಂಬ ಅನುಮಾನ ನನಗಿದೆ. ಇಷ್ಟು ತಪ್ಪಿದ್ದರೆ ಹೂಳಿನ ಲೆಕ್ಕವೇ ಬುಡಮೇಲಾಗುತ್ತದೆ. ಮಳೆ ಬಿದ್ದು ನೀರು ನಿಂತರೆ ಮತ್ತೆ ಅಳೆಯುವಂತಿಲ್ಲ. ಅನುಭವವಿದ್ದವರು ದಯವಿಟ್ಟು ಬೇಗ ತಿಳಿಸಿ.