ಹಳೆಯ ಹಂಚಿನ ಮನೆಯ ಜಗಲಿಗೆ ಗಾಜು ಹಾಕಿಸಬಹುದೇ?

ಪ್ರಶ್ನೆ:
ಮಲ್ಪೆಯ ಹತ್ತಿರ, ಅಲೆಯ ಸದ್ದು ಕೇಳುವಷ್ಟು ದೂರದಲ್ಲಿ ಅಜ್ಜ ಕಟ್ಟಿಸಿದ ಮನೆ ನಮ್ಮದು. ಮುರಕಲ್ಲಿನ ಗೋಡೆ, ಪಶ್ಚಿಮಕ್ಕೆ ಉದ್ದನೆಯ ಜಗಲಿ. ಜೂನ್ ಬಂತೆಂದರೆ ಎರಚಲು ಹೊಸ್ತಿಲವರೆಗೂ ಬರುತ್ತದೆ. ಅಮ್ಮನಿಗೆ 78 ವರ್ಷ. ಮಳೆ ನೋಡುತ್ತಾ ಹೂ ಕಟ್ಟುವುದೇ ಅವರ ಸಂತೋಷ, ಅದು ಈಗ ತಪ್ಪಿಹೋಗಿದೆ. ಕಬ್ಬಿಣದ ಚೌಕಟ್ಟು ಕೂರಿಸಿ ಪೂರ್ತಿ ಗಾಜು ಮುಚ್ಚೋಣ ಎನ್ನುತ್ತಾರೆ ಗುತ್ತಿಗೆದಾರರು. ನನಗೆ ಧೈರ್ಯ ಬರುತ್ತಿಲ್ಲ.

ಕುಂದಾಪುರದ ಬಡಗಿ:
ಕಬ್ಬಿಣ ಬೇಡವೇ ಬೇಡ. ಉಪ್ಪುಗಾಳಿಗೆ ತುಕ್ಕು ಉಬ್ಬಿ ಗಾಜನ್ನೇ ಒಡೆಯುತ್ತದೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಅಥವಾ ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಹಾಕಿಸಿ. ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ. 304 ಕಡಲ ಬದಿಯಲ್ಲಿ ಬೇಗ ಕಲೆಗಟ್ಟುತ್ತದೆ. ಪೂರ್ತಿ ಮುಚ್ಚಿದರೆ ಏಪ್ರಿಲ್ ಸಂಜೆಯ ಬಿಸಿಲಿಗೆ ಜಗಲಿ ಒಲೆಯಾಗುತ್ತದೆ. ಸರಿಯುವ ಗಾಜು ಹಾಕಿ, ಮೇಲೆ ಗಾಳಿಯಾಡಲು ಮರದ ಓರೆಪಟ್ಟಿಗಳನ್ನು ಕೊಡಿ. ಚೌಕಟ್ಟಿನ ಭಾರ ಪಕ್ಕಾಸುಗಳ, ಅಂದರೆ ಹಂಚು ಹೊರುವ ಓರೆ ಮರಗಳ, ಮೇಲೆ ಬೀಳಬಾರದು. ಮಳೆಗೂ ಬಿಸಿಲಿಗೂ ಮರ ಹಿಗ್ಗಿ ಕುಗ್ಗುತ್ತದೆ.

ಉಡುಪಿಯ ಎಂಜಿನಿಯರ್:
ಕೆಲಸಕ್ಕೆ ಮೊದಲು ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಿ. ಕಡಲಿಗೆ ಅಷ್ಟು ಹತ್ತಿರವಿದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸಬಹುದು. ಅಡಿಪಾಯ ಹೊರಗೆ ಚಾಚಬೇಡಿ. ಮುರಕಲ್ಲಿಗೆ ಸಿಮೆಂಟ್ ಗಾರೆ ಬಳಿಯಬೇಡಿ, ತೇವ ಒಳಗೇ ಉಳಿಯುತ್ತದೆ. ಸುಣ್ಣದ ಗಾರೆ ಸಾಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಕಬ್ಬಿಣ ಬೇಡವೆಂದು ಇಂದೇ ಹೇಳಿದೆ. ಓರೆಪಟ್ಟಿಗೆ ಹಳೆಯ ಹಲಸಿನ ಹಲಗೆಗಳು ಅಟ್ಟದಲ್ಲಿವೆ, ಅವುಗಳನ್ನೇ ಬಳಸಬಹುದೇ?

ಕುಂದಾಪುರದ ಬಡಗಿ:
ಗೆದ್ದಲು ಹಿಡಿದಿಲ್ಲವಾದರೆ ಧಾರಾಳವಾಗಿ. ಅಂಥ ಮರ ಈಗ ಸುಲಭಕ್ಕೆ ಸಿಗುವುದಿಲ್ಲ.